ಕೋಪವನ್ನು ತೋರಿಸು ಎನ್ನದ ರಂಗಶಿಬಿರ

ಬೇಸಿಗೆ ರಜೆ ಬಂತೆಂದರೆ ಮೈಸೂರಿನಲ್ಲಿ ಮಕ್ಕಳ ಶಿಬಿರಗಳಿಗೆ ಕೊರತೆಯಿಲ್ಲ; ರಂಗಾಯಣದ ಚಿಣ್ಣರ ಮೇಳದ ಜೊತೆಗೆ ಈಗ ಬಡಾವಣೆಗಳಲ್ಲೂ ಸಣ್ಣಪುಟ್ಟ ರಂಗಶಿಬಿರಗಳು ನಡೆಯುತ್ತಿವೆ. ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ನಡೆದ ಅಂಥದೊಂದು ಶಿಬಿರಕ್ಕೆ ಈ ಸಲ ಮಗಳನ್ನು ಸೇರಿಸಿದ್ದೆ. ಆಟಗಳ ಮೂಲಕ ಮಕ್ಕಳು ತಮ್ಮ ಭಾವನೆಗಳನ್ನು ಗುರುತಿಸಿ ಹೇಳಿಕೊಳ್ಳುವಂತೆ ಮಾಡುವುದು ಶಿಬಿರದ ಉದ್ದೇಶವೆಂದು ಕರಪತ್ರದಲ್ಲಿತ್ತು. ಪೋಷಕರು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಬಹುದಾಗಿದ್ದರಿಂದ, ಹೇಳಿದ್ದರಲ್ಲಿ ಎಷ್ಟು ನಡೆಯಿತೆಂದು ಕಣ್ಣಾರೆ ಕಂಡು ಬರೆಯುತ್ತಿದ್ದೇನೆ.

ಮೊದಲ ದಿನಗಳ ಆಟಗಳು ನಿಜಕ್ಕೂ ಚೆನ್ನಾಗಿದ್ದವು. ಇಬ್ಬರು ಮಕ್ಕಳು ಎದುರುಬದುರು ನಿಂತು ಒಬ್ಬರ ಚಲನೆಯನ್ನು ಇನ್ನೊಬ್ಬರು ಅನುಸರಿಸುವ ಕನ್ನಡಿ ಆಟದಲ್ಲಿ, ಯಾರೊಡನೆಯೂ ಬೆರೆಯದ ಮಕ್ಕಳು ಕೂಡ ಮಾತಿಲ್ಲದೆ ಜೊತೆಗಾರರ ಮುಖವನ್ನು ಗಮನಿಸತೊಡಗಿದರು. ಷಿಕಾಗೋದಲ್ಲಿ ವಲಸಿಗರ ಮಕ್ಕಳೊಡನೆ ದುಡಿದ ವಯೋಲಾ ಸ್ಪೋಲಿನ್ ಇಂಥ ರಂಗ ಆಟಗಳನ್ನು ಬೆಳೆಸಿದವರು. ಆಡುವವರಿಗೆ ಭಾವನೆಯ ಹೆಸರನ್ನಲ್ಲ, ಬಿಡಿಸಬೇಕಾದ ಒಂದು ಸಮಸ್ಯೆಯನ್ನು ಕೊಡಬೇಕೆಂಬುದು ಅವರ ಪದ್ಧತಿಯ ತಿರುಳು. ಇಲ್ಲಿನ ಶಿಕ್ಷಕಿ ಅದನ್ನು ಅರಿತಿದ್ದರು. "ಅಮ್ಮನ ಇಷ್ಟದ ಗಾಜಿನ ಲೋಟ ನಿಮ್ಮ ಕೈಯಿಂದ ಬಿದ್ದು ಒಡೆದಿದೆ, ಅಮ್ಮ ಗೇಟು ತೆಗೆಯುತ್ತಿದ್ದಾರೆ" ಎಂದಷ್ಟೇ ಹೇಳಿ ಅವರು ಪಕ್ಕಕ್ಕೆ ಸರಿದರು. ಒಬ್ಬ ಹುಡುಗ ಇಲ್ಲದ ಚೂರುಗಳನ್ನು ಕಾಲಿನಿಂದ ಮಂಚದಡಿಗೆ ತಳ್ಳಿದ, ಇನ್ನೊಬ್ಬಳು ಪುಸ್ತಕ ತೆರೆದು ಗಟ್ಟಿಯಾಗಿ ಓದತೊಡಗಿದಳು, ನನ್ನ ಮಗಳು ತಮ್ಮನ ಹೆಸರು ಕೂಗಿ ಬೈಯಲು ಶುರುಮಾಡಿದಳು. ಆಟ ಮುಗಿದ ಮೇಲೆ ಶಿಕ್ಷಕಿ, "ಗೇಟಿನ ಸದ್ದು ಕೇಳಿದಾಗ ಹೊಟ್ಟೆಯಲ್ಲಿ ಏನಾಯಿತು?" ಎಂದು ಕೇಳಿದರು. ಹೇಳಲು ಇಷ್ಟವಿಲ್ಲದವರನ್ನು ಒತ್ತಾಯಿಸಲಿಲ್ಲ.

ಸಮಾರೋಪದ ಪ್ರದರ್ಶನ ಹತ್ತಿರವಾದಂತೆ ಈ ಹದ ಕೆಟ್ಟಿತು. ನವರಸಗಳ ಮುಖಚಿತ್ರವಿದ್ದ ಚೀಟಿಗಳನ್ನು ಹಂಚಿ, ಚೀಟಿಯಲ್ಲಿದ್ದ ರಸವನ್ನು ಅಭಿನಯಿಸಿದವರಿಗೆ ಚಪ್ಪಾಳೆಯ ಮೇಲೆ ಅಂಕ ಕೊಡಲಾಯಿತು. ವಿಭಾವವಿಲ್ಲದೆ, ಎಂದರೆ ಭಾವವನ್ನು ಎಬ್ಬಿಸುವ ಕಾರಣವಿಲ್ಲದೆ, ರಸವಿಲ್ಲವೆಂದು ನಾಟ್ಯಶಾಸ್ತ್ರವೇ ಹೇಳುವಾಗ, ಕಾರಣವನ್ನೇ ಕೊಡದೆ ರೌದ್ರವನ್ನು ಬೇಡಿದರೆ ಮಕ್ಕಳಾದರೂ ಏನು ಮಾಡಿಯಾರು? ಟಿವಿ ಧಾರಾವಾಹಿಯ ಅತ್ತೆಯಂತೆ ಕಣ್ಣು ಕೆಕ್ಕರಿಸಿದರು. ಪೋಷಕರು ನಕ್ಕರು, ಮೊಬೈಲಿನಲ್ಲಿ ಚಿತ್ರೀಕರಿಸಿದರು. ಮೊದಲ ವಾರ ನಾಚಿಕೆ ಬಿಟ್ಟು ಬಾಯಿಬಿಟ್ಟಿದ್ದ ಒಂದು ಮಗು ಅಂದು ತನ್ನ ಸರದಿ ಬಂದಾಗ ಕಂಬದ ಹಿಂದೆ ನಿಂತುಬಿಟ್ಟಿತು.

ವ್ಯವಸ್ಥೆಯ ಬಗ್ಗೆ ದೂರಿಲ್ಲ. ಶುಲ್ಕ ಹಿತಮಿತವಾಗಿತ್ತು, ಮಜ್ಜಿಗೆ ಸಮಯಕ್ಕೆ ಬರುತ್ತಿತ್ತು. ಆದರೆ ಫ್ಯಾನುಗಳು ಸಾಲುತ್ತಿರಲಿಲ್ಲ. ಮಗುವನ್ನು ವೇದಿಕೆಯ ಕಲಾವಿದರನ್ನಾಗಿಸುವ ಆಸೆಯಿದ್ದವರಿಗೆ ಇದು ತಕ್ಕ ಜಾಗವಲ್ಲ. ಮನಸ್ಸಿನಲ್ಲಿರುವುದನ್ನು ಸುಲಭವಾಗಿ ಹೇಳಿಕೊಳ್ಳದ ಮಕ್ಕಳಿದ್ದರೆ ಖಂಡಿತ ಸೇರಿಸಬಹುದು, ಆದರೆ ಸಮಾರೋಪದಲ್ಲಿ ಭಾಗವಹಿಸುವುದು ಮಗುವಿನ ಇಚ್ಛೆಗೆ ಬಿಟ್ಟದ್ದೇ ಎಂಬುದನ್ನು ಹಣ ಕಟ್ಟುವ ಮೊದಲೇ ಕೇಳಿ ಖಚಿತಪಡಿಸಿಕೊಳ್ಳಬೇಕು.