ಲ್ಯಾಮಿಂಗ್ಟನ್ ರೋಡಿನ ಸೆಕೆಂಡ್‌ಹ್ಯಾಂಡ್ ಥಿಂಕ್‌ಪ್ಯಾಡ್ ಟಿ480: ಲಿನಕ್ಸ್ ಹಾಕುವವರಿಗೆ ಹೇಗೆ?

ವಿಂಡೋಸ್ ಬದಲು ಹಾಕುವ ಲಿನಕ್ಸ್‌ಗೆಂದೇ ಹಳೆಯ ಲ್ಯಾಪ್‌ಟಾಪ್ ಹುಡುಕಿಕೊಂಡು ಮುಂಬೈನ ಗ್ರಾಂಟ್ ರೋಡ್ ಸ್ಟೇಷನ್ನಿನ ಪೂರ್ವಕ್ಕೆ ಇಳಿಯುವವರು ಲೆನೊವೊದ 2018ರ ಈ ಮಾಡೆಲ್ಲನ್ನು ಕಣ್ಣು ಮುಚ್ಚಿ ಆರಿಸಬಹುದು. ಅಂಗಡಿಯವರು ಕೈಗಿಡುವ ಪೀಸನ್ನು ಮಾತ್ರ ಕಣ್ಣು ಬಿಟ್ಟು ನೋಡಬೇಕು.

ಪೆನ್‌ಡ್ರೈವ್‌ನಲ್ಲಿ ಡೆಬಿಯನ್ ಲೈವ್ (ಇನ್‌ಸ್ಟಾಲ್ ಮಾಡದೆಯೇ ನಡೆಸಿ ನೋಡಬಹುದಾದ ಒಂದು ಬಗೆಯ ಲಿನಕ್ಸ್) ಹಾಕಿಕೊಂಡೇ ಹೋಗಿ. ಆನ್ ಮಾಡುತ್ತಲೇ ಎಫ್1 ಒತ್ತಿ ಬಯೋಸ್, ಅಂದರೆ ಮಷೀನಿನ ಮೂಲ ಸೆಟಿಂಗ್ಸ್, ತೆರೆಯಿರಿ. ಪಾಸ್‌ವರ್ಡ್ ಕೇಳಿದರೆ ಆ ಪೀಸು ಬೇಡ. ಕಂಪನಿಗಳು ಲಾಟ್‌ನಲ್ಲಿ ಮಾರಿದ ಮಷೀನುಗಳಲ್ಲಿ ಹೀಗಾಗುವುದುಂಟು. ಸೂಪರ್‌ವೈಸರ್ ಪಾಸ್‌ವರ್ಡ್ ಎನ್ನುವ ಇದು ಬೋರ್ಡಿನ ಚಿಪ್‌ನಲ್ಲಿರುತ್ತದೆ, ಬೋರ್ಡಿನ ಮೇಲಿನ ಪುಟ್ಟ ಸಿಮೋಸ್ ಬ್ಯಾಟರಿ ಕಳಚಿದರೂ ಹೋಗುವುದಿಲ್ಲ. ಅಂಗಡಿಯವರು ‘ಹೋ ಜಾಯೇಗಾ’ (ಆಗಿಬಿಡುತ್ತೆ) ಅಂದರೆ, ಪಾಸ್‌ವರ್ಡ್ ತೆಗೆಸಿಕೊಟ್ಟ ಮೇಲೆ ದುಡ್ಡು ಎನ್ನಿ.

ಎಫ್12 ಒತ್ತಿ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದ ಮೇಲೆ ಮೊದಲು ನೋಡಬೇಕಾದದ್ದು ಎಡಗಡೆಯ ಎರಡು ಟೈಪ್-ಸಿ ಪೋರ್ಟ್. ಎರಡರಲ್ಲೂ ಚಾರ್ಜರ್ ಚುಚ್ಚಿ, ಆಮೇಲೆ ಎಚ್‌ಡಿಎಂಐಗೆ ಅಂಗಡಿಯ ಮಾನಿಟರ್ ಹಚ್ಚಿ. ಈ ಪೋರ್ಟ್‌ಗಳಲ್ಲೊಂದು ಥಂಡರ್‌ಬೋಲ್ಟ್ ಎಂಬ ವೇಗದ ಕನೆಕ್ಷನ್ನಿನದು. ಈ ಮಾಡೆಲ್ಲಿನಲ್ಲಿ ಅದರ ಹಳೆಯ ಫರ್ಮ್‌ವೇರ್ (ಚಿಪ್‌ನೊಳಗೇ ಇರುವ ಸಾಫ್ಟ್‌ವೇರ್) ತನ್ನ ಚಿಪ್‌ಗೆ ಬರೆಯುತ್ತಲೇ ಇದ್ದು ಕಡೆಗೆ ಅದನ್ನು ಕೆಡಿಸಿಬಿಡುತ್ತದೆ. ಆಗ ಥಂಡರ್‌ಬೋಲ್ಟ್ ಹೋಗುತ್ತದೆ, ಎಚ್‌ಡಿಎಂಐ ಕೆಲಸ ನಿಲ್ಲಿಸುತ್ತದೆ, ಟೈಪ್-ಸಿ ಚಾರ್ಜಿಂಗೂ ಕೈಕೊಡಬಹುದು. ಕೆಟ್ಟ ಮೇಲೆ ಚಿಪ್‌ಗೆ ಕ್ಲಿಪ್ ಹಾಕಿ ಪ್ರೋಗ್ರಾಮರ್‌ನಿಂದ ಹೊಸದಾಗಿ ಬರೆಯಬೇಕಾಗಬಹುದು. ಕೆಡದೆ ಇದ್ದರೆ ಕೆಲಸ ಸುಲಭ: ಮನೆಗೆ ತಂದ ದಿನವೇ ಚಾರ್ಜರ್ ಹಾಕಿಟ್ಟು ಲಿನಕ್ಸ್‌ನ ‘ಎಫ್‌ಡಬ್ಲ್ಯುಯುಪಿಡಿ’ (fwupd) ಎಂಬ ಪ್ರೋಗ್ರಾಂನಿಂದ ಫರ್ಮ್‌ವೇರ್ ಅಪ್‌ಡೇಟ್ ಮಾಡಿ. ಇದನ್ನು ನಾಳೆಗೆ ಇಡಬೇಡಿ.

ಬ್ಯಾಟರಿ ಎರಡು. ಒಳಗಿನದು 24 ವಾಟ್‌ಅವರ್, ಹೊರಗಿನದು 24, 48 ಅಥವಾ 72. ಟರ್ಮಿನಲ್‌ನಲ್ಲಿ ‘ಯುಪವರ್ -ಡಿ’ (upower -d) ಕೊಟ್ಟರೆ ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗೆಷ್ಟು ಎಂಬುದು ಎರಡಕ್ಕೂ ಬೇರೆಬೇರೆಯಾಗಿ ಕಾಣುತ್ತದೆ. 24 ಇದ್ದದ್ದು 15ಕ್ಕೆ ಇಳಿದಿದ್ದರೆ ಆ ಅಂಕಿ ತೋರಿಸಿಯೇ ಚೌಕಾಸಿ ಮಾಡಿ. ಹೊರಗಿನದು ಎರಡು ಲ್ಯಾಚ್ ಸರಿಸಿದರೆ ಕೈಗೆ ಬರುತ್ತದೆ, ಒಳಗಿನದಕ್ಕೆ ತಳದ ಮುಚ್ಚಳ ಬಿಚ್ಚಬೇಕು. ಆಮೇಲೆ ಬ್ಯಾಟರಿ ನೋಡಿಕೊಳ್ಳುವ ಟಿಎಲ್‌ಪಿ (TLP) ಪ್ರೋಗ್ರಾಂ ಹಾಕಿ, ಚಾರ್ಜಿಂಗ್ ಶೇ. 75ಕ್ಕೆ ಶುರುವಾಗಿ ಶೇ. 80ಕ್ಕೆ ನಿಲ್ಲುವಂತೆ ಇಟ್ಟರೆ ಸದಾ ಪ್ಲಗ್‌ನಲ್ಲೇ ಇರುವ ಮಷೀನಿನ ಬ್ಯಾಟರಿ ಹೆಚ್ಚು ದಿನ ಬಾಳುತ್ತದೆ.

ವೈಫೈಗೆ ತಲೆಕೆಡಿಸಿಕೊಳ್ಳಬೇಕಿಲ್ಲ. ಇಂಟೆಲ್ 8265 ಕಾರ್ಡಿಗೆ ಬೇಕಾದ ಫರ್ಮ್‌ವೇರ್ 2023ರ ಡೆಬಿಯನ್ 12ರಿಂದ ಇನ್‌ಸ್ಟಾಲರ್‌ನಲ್ಲೇ ಬರುತ್ತದೆ. ಸೌಂಡ್, ವೆಬ್‌ಕ್ಯಾಮ್, ಕೀಬೋರ್ಡ್ ಲೈಟ್ ಎಲ್ಲ ತಾವಾಗಿಯೇ ನಡೆಯುತ್ತವೆ.

ಬೆರಳಚ್ಚು ರೀಡರ್ ಮಾತ್ರ ನಡೆಯುವುದಿಲ್ಲ. ಲಿನಕ್ಸ್‌ನಲ್ಲಿ ಬೆರಳಚ್ಚು ಓದಿಸುವ ಲಿಬ್‌ಎಫ್‌ಪ್ರಿಂಟ್‌ನಲ್ಲಿ ಇದಕ್ಕೆ ಡ್ರೈವರ್ ಇಲ್ಲ. ‘ಪೈಥಾನ್-ವ್ಯಾಲಿಡಿಟಿ’ ಎಂಬ ಹೊರಗಿನ ಪ್ರಾಜೆಕ್ಟ್ ಇದೆಯಾದರೂ ದಿನಬಳಕೆಗೆ ಅದನ್ನು ನೆಚ್ಚಿಕೊಳ್ಳಬೇಡಿ. ಎನ್ವಿಡಿಯಾದ ಎಂಎಕ್ಸ್150 ಗ್ರಾಫಿಕ್ಸ್ ಚಿಪ್ ಇರುವ ಪೀಸೂ ಬೇಡ, ಎನ್ವಿಡಿಯಾ ಡ್ರೈವರ್‌ನ ಕಾಟ ಜಾಸ್ತಿ, ಲಾಭ ಅಷ್ಟಕ್ಕಷ್ಟೆ. ರ್‍ಯಾಮ್ ಸ್ಲಾಟ್ ಎರಡಿವೆ. 8 ಜಿಬಿಯದನ್ನೇ ತೆಗೆದುಕೊಂಡು ಇನ್ನೊಂದು 8 ಜಿಬಿ ಡಿಡಿಆರ್4 ಸೇರಿಸಿ, ಎರಡೂ ಒಟ್ಟಿಗೆ ಕೆಲಸ ಮಾಡುವ ಡ್ಯುಯಲ್ ಚಾನೆಲ್‌ನಿಂದ ಗ್ರಾಫಿಕ್ಸ್‌ಗೂ ಬಲ ಬರುತ್ತದೆ.

ಲಿನಕ್ಸ್ ಬದಲು ಓಪನ್‌ಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂ ಹಾಕುವವರು ವೈಫೈ ಫರ್ಮ್‌ವೇರ್ ಇಳಿಸಿಕೊಳ್ಳಲು ಮೊದಲ ಸಲ ಲ್ಯಾನ್ ಕೇಬಲ್ ಹಚ್ಚಿ ‘ಎಫ್‌ಡಬ್ಲ್ಯು_ಅಪ್‌ಡೇಟ್’ (fw_update) ಕಮಾಂಡ್ ಕೊಡಿ. ಅದರಲ್ಲಿ ಬ್ಲೂಟೂತ್ ಇಲ್ಲವೇ ಇಲ್ಲ, ವೈರಿನ ಇಯರ್‌ಫೋನ್ ಜೊತೆಗಿರಲಿ.