ಕಿತ್ತೂರು ವಿಜಯದ ದಿನಕ್ಕೂ ರಾಜ್ಯೋತ್ಸವಕ್ಕೂ: ಛದ್ಮವೇಷ, ಹಗ್ಗ, ನಕ್ಷೆ

ಅಕ್ಟೋಬರ್ 23ರ ಕಿತ್ತೂರು ವಿಜಯದ ದಿನ ಮತ್ತು ನವೆಂಬರ್ 1ರ ರಾಜ್ಯೋತ್ಸವ ಒಂದರ ಬೆನ್ನಿಗೊಂದು ಬರುವುದರಿಂದ ಬೆಳಗಾವಿ ಜಿಲ್ಲೆಯ ಶಿಕ್ಷಕರು ಎರಡಕ್ಕೂ ಒಟ್ಟಿಗೇ ತಯಾರಿ ನಡೆಸಬೇಕಾಗುತ್ತದೆ. ಬೈಲಹೊಂಗಲ ಭಾಗದ ನಮ್ಮ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಛದ್ಮವೇಷ, ಹಗ್ಗದ ಕಾಲರೇಖೆ, ನಕ್ಷೆ ಜೋಡಣೆ ಮೂರನ್ನೂ ಮಾಡಿಸಿ ನೋಡಿದ್ದೇನೆ. ಕೊನೆಯ ಸಾಲಿನಲ್ಲಿ ಕೂಡುವ ಮಗುವಿಗೂ ಕೆಲಸ ಸಿಕ್ಕಿತೇ, ಮರುದಿನ ಅದು ಏನಾದರೂ ಕೇಳಿತೇ ಎಂಬುದೇ ನನ್ನ ಅಳತೆಗೋಲು.

ಛದ್ಮವೇಷ ಪಾಲಕರಿಗೆ ಬಹಳ ಇಷ್ಟ. ಒಂದರಿಂದ ಮೂರನೆಯ ತರಗತಿಯ ಮಕ್ಕಳಿಗೆ ಸಭಾಕಂಪನ ಬಿಡಿಸಲು ಅದು ನಿಜವಾಗಿಯೂ ಒಳ್ಳೆಯದು. ಆದರೆ ಒಬ್ಬಳು ಚೆನ್ನಮ್ಮ, ಒಬ್ಬ ರಾಯಣ್ಣ, ಉಳಿದವರೆಲ್ಲ ಚಪ್ಪಾಳೆ ತಟ್ಟುವವರು. ವೇಷದ ಬಾಡಿಗೆ ಕೊಡಲಾಗದ ಮನೆಯ ಮಕ್ಕಳು ಹೆಸರನ್ನೇ ಕೊಡುವುದಿಲ್ಲ, ಇದು ನನಗೆ ಸಹಿಸಲಾಗದ ಸಂಗತಿ.

ಹಗ್ಗದ ಕಾಲರೇಖೆಗೆ ಖರ್ಚಿಲ್ಲ. ಹತ್ತು ವರ್ಷಕ್ಕೆ ಒಂದು ಅಡಿ ಎಂದಿಟ್ಟುಕೊಂಡರೆ 1790ರಿಂದ ಇಂದಿನವರೆಗೆ ಇಪ್ಪತ್ನಾಲ್ಕು ಅಡಿ ಹಗ್ಗ ಸಾಕು. ಪಡಸಾಲೆಯ ಕಂಬಗಳಿಗೆ ಕಟ್ಟಿ, ಮಕ್ಕಳೇ ಅಳೆದು ಚೀಟಿಗಳನ್ನು ತೂಗುಹಾಕಬೇಕು. ಬ್ರಿಟಿಷ್ ಅಧಿಕಾರಿ ಥ್ಯಾಕರೆ ಕಿತ್ತೂರಿನಲ್ಲಿ ಸತ್ತ 1824, ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡ 1829, ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ 1831 ಅಕ್ಕಪಕ್ಕದಲ್ಲೇ ಕೂಡುತ್ತವೆ. ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ ಅಧಿವೇಶನದ 1924ರ ಚೀಟಿ ಕಿತ್ತೂರು ವಿಜಯದಿಂದ ಸರಿಯಾಗಿ ಹತ್ತು ಅಡಿ ಆಚೆ. ರಾಯಣ್ಣ ಗಾಂಧೀಜಿಯ ಕಾಲದವನೆಂದು ತಿಳಿದಿದ್ದ ಮಕ್ಕಳು ಆ ಅಂತರವನ್ನು ಹೆಜ್ಜೆ ಹಾಕಿ ನಡೆದ ಮೇಲೆ ಅದನ್ನು ಮತ್ತೆ ಹೇಳಲಿಲ್ಲ. ಎಷ್ಟು ಸಲ ಪಾಠ ಮಾಡಿದರೂ ಆಗದಿದ್ದ ಕೆಲಸವಿದು. ರಾಯಣ್ಣ ಹುಟ್ಟಿದ್ದು 1798ರ ಆಗಸ್ಟ್ 15, ಗಲ್ಲಿಗೇರಿದ್ದು ಜನವರಿ 26 ಎಂಬುದನ್ನು ಚೀಟಿ ಬರೆಯುವಾಗ ಅವರೇ ಕಂಡುಕೊಂಡರು. ಆದ್ದರಿಂದ ಹಗ್ಗವನ್ನು ಗಣರಾಜ್ಯೋತ್ಸವದವರೆಗೂ ಬಿಚ್ಚಬಾರದು.

ರಾಜ್ಯೋತ್ಸವಕ್ಕೆ ಮಾತ್ರ ನಕ್ಷೆ ಜೋಡಣೆಯೇ ಮೇಲು. ಹಳೆಯ ರಟ್ಟಿನ ಮೇಲೆ 1956ರ ಏಕೀಕರಣದ ನಕ್ಷೆ ಬರೆದು, ಮೈಸೂರು ರಾಜ್ಯ, ಮುಂಬಯಿ ರಾಜ್ಯದಿಂದ ಬಂದ ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡ, ಹೈದರಾಬಾದಿನಿಂದ ಬಂದ ಬೀದರ, ಗುಲ್ಬರ್ಗಾ, ರಾಯಚೂರು, ಮದ್ರಾಸಿನಿಂದ ಬಂದ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ, ಹಾಗೂ ಕೊಡಗು ಎಂದು ತುಂಡು ಮಾಡಿ ಗುಂಪುಗಳಿಗೆ ಹಂಚಬೇಕು. “ಅಕ್ಕೋರೆ, ಬಾಗಲಕೋಟಿ ಎಲ್ಲಿ ಐತ್ರಿ?” ಎಂದು ಒಬ್ಬ ಹುಡುಗಿ ಕೇಳಿದಾಗ 1997ರವರೆಗೆ ಅದು ವಿಜಾಪುರ ಜಿಲ್ಲೆಯಲ್ಲೇ ಇತ್ತೆಂಬ ಪಾಠ ತಾನಾಗಿಯೇ ಶುರುವಾಯಿತು. 1956ರಲ್ಲಿ ಒಂದಾದ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ ಎಂಬುದನ್ನೂ ಆಗಲೇ ಹೇಳಬಹುದು.

ನಕ್ಷೆಯ ತೊಂದರೆ ಎಂದರೆ ಸಮಯ: ಬರೆದು, ಕತ್ತರಿಸಿ, ಜೋಡಿಸಲು ಎರಡು ಅವಧಿ ಬೇಕು, ನಾಲ್ಕನೆಯ ತರಗತಿಗಿಂತ ಕೆಳಗಿನವರಿಗೆ ಇದು ಹೊಂದುವುದಿಲ್ಲ. ಒಂದು ಗುಂಪಿನಲ್ಲಿ ಐದಾರು ಮಕ್ಕಳಿಗಿಂತ ಹೆಚ್ಚಿದ್ದರೆ ಜೋರಿನವರೇ ತುಂಡುಗಳನ್ನು ಹಿಡಿದುಕೊಳ್ಳುತ್ತಾರೆ. ಅದಕ್ಕಾಗಿ ಪ್ರತಿ ಮಗುವಿನ ಕೈಗೆ ಒಂದೊಂದು ತುಂಡು ಕೊಟ್ಟು, ತನ್ನ ತುಂಡನ್ನು ತಾನೇ ಇಡಬೇಕೆಂಬ ನಿಯಮ ಮಾಡಿದ್ದೇನೆ.