ಪ್ಲಗ್‌ಗೆ ಸೀಸ ಕಟ್ಟಿದರೆ: ಟಿಸಿಪಿಯೋ, ಮಿಕ್ಸ್ಚರ್ ತೆಳು ಮಾಡುವುದೋ?

ಸಣ್ಣ ವಿಮಾನಗಳ ಪಿಸ್ಟನ್ ಎಂಜಿನ್‌ಗೆ ಹಾಕುವ 100 ಎಲ್‌ಎಲ್ ಇಂಧನದಲ್ಲಿ ಲೀಟರಿಗೆ 0.56 ಗ್ರಾಂವರೆಗೂ ಸೀಸ ಇರಬಹುದು. ಎಂಜಿನ್ ತಣ್ಣಗೆ ಓಡಿದರೆ ಅದು ಸಿಲಿಂಡರಿನ ಕೆಳಗಿನ ಸ್ಪಾರ್ಕ್ ಪ್ಲಗ್‌ಗಳಲ್ಲಿ ಬೂದು ಗುಳಿಗೆಗಳಾಗಿ ಕೂರುತ್ತದೆ. ಆಗ ಮ್ಯಾಗ್ನೆಟೊ (ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಸಾಧನ) ಪರೀಕ್ಷೆಯಲ್ಲಿ ಆರ್‌ಪಿಎಂ ವಿಪರೀತ ಇಳಿಯುತ್ತದೆ.

ಟಿಸಿಪಿ (ಟ್ರೈಕ್ರೆಸಿಲ್ ಫಾಸ್ಫೇಟ್ ಎಂಬ ರಾಸಾಯನಿಕ) ಇಂಧನಕ್ಕೆ ಬೆರೆಸಿದರೆ ಸೀಸ ಫಾಸ್ಫೇಟ್ ಆಗುತ್ತದೆ. ಅದು ವಿದ್ಯುತ್ತನ್ನು ಅಷ್ಟಾಗಿ ಹರಿಸದ ಕಾರಣ ಕಿಡಿ ಸೋರುವುದಿಲ್ಲ. ಆದರೆ ಪ್ರತಿ ಸಲವೂ ಅಳೆದು ಹಾಕಬೇಕು. ಚರ್ಮದ ಮೂಲಕವೂ ಒಳಸೇರುವ ವಿಷವಿದು, ಕೈಗವಸಿಲ್ಲದೆ ಡಬ್ಬಿ ಮುಟ್ಟಲೇಬೇಡಿ.

ಮಿಕ್ಸ್ಚರ್ ತೆಳು ಮಾಡಲು, ಅಂದರೆ ಗಾಳಿಗೆ ಬೆರೆಯುವ ಇಂಧನ ತಗ್ಗಿಸಲು, ಖರ್ಚಿಲ್ಲ, ನಮ್ಮ ಮೊದಲ ಆಯ್ಕೆ ಇದೇ. ನೆಲದ ಮೇಲೆ 1000–1200 ಆರ್‌ಪಿಎಂ ಇಟ್ಟು, ಥ್ರಾಟಲ್ ಒತ್ತಿದರೆ ಎಂಜಿನ್ ತಡವರಿಸುವಷ್ಟು ತೆಳು ಮಾಡಿ. ಅರೆಬರೆ ತೆಳು ಮಾಡಿ ಮರೆತರೆ ಟೇಕಾಫ್‌ನಲ್ಲಿ ಸಿಲಿಂಡರ್ ಮಿತಿಮೀರಿ ಕಾಯುತ್ತದೆ. ನಿಲ್ಲಿಸುವ ಮುನ್ನ 15–20 ಸೆಕೆಂಡು 1800ಕ್ಕೆ ಏರಿಸಿ, ಮತ್ತೆ 1200ಕ್ಕೆ ಇಳಿಸಿ.

80 ಆಕ್ಟೇನ್ ಇಂಧನಕ್ಕೆಂದೇ ಮಾಡಿದ ಹಳೆಯ ಎಂಜಿನ್‌ಗೆ ಇಷ್ಟು ಸಾಲದಿದ್ದರೆ ಟಿಸಿಪಿ ಸರಿ. ಪ್ಲಗ್ ಕಪ್ಪಾಗಿ, ಒದ್ದೆಯಾಗಿದ್ದರೆ ಅದು ಆಯಿಲ್. ಅದಕ್ಕೆ ಈ ಎರಡೂ ಉಪಾಯ ಕೆಲಸಕ್ಕೆ ಬರವು.